ದತ್ತು ಸಾಲಿನಲ್ಲಿ ಕಾದ ವರ್ಷಗಳು, ಆಗ ಕಾಣದ ದೇವರು

ದತ್ತು ತೆಗೆದುಕೊಂಡ ಮಗಳು ಹೇಗಿದ್ದಾಳೆ ಎಂದು ನೋಡಲು ಬರುವ ಫಾಲೋ-ಅಪ್ ಭೇಟಿಗಳಲ್ಲಿ ಕೊನೆಯದು ಕಳೆದ ತಿಂಗಳು ಮುಗಿಯಿತು. ಬಂದಿದ್ದ ಮೇಡಂ ಚಹಾ ಕುಡಿದರು, ಮಗಳ ತೂಕ ಎತ್ತರ ಬರೆದುಕೊಂಡರು, ಫೋಟೋ ತೆಗೆದುಕೊಂಡರು. "ಇನ್ನು ನಾವು ಬರೋದಿಲ್ಲ, ಬೇಕಾದ್ರೆ ನೀವೇ ಬನ್ನಿ" ಎಂದು ನಗುತ್ತಾ ಹೊರಟರು. 2021ರ ಜನವರಿಯಲ್ಲಿ ಶುರುವಾದದ್ದು 2026ರಲ್ಲಿ ಮುಗಿಯಿತು ಅಂತಾಯಿತು. ನಮ್ಮ ಚರ್ಚಿನಲ್ಲೇ ಕೆಲವರು ದತ್ತು ಬಗ್ಗೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಒಂದೇ ಸಲ ಕೂತು ಬರೆಯುತ್ತಿದ್ದೇನೆ. ನಾವು ಧಾರವಾಡದವರು, ಕ್ರೈಸ್ತರು. ಮಧ್ಯೆ ಮಧ್ಯೆ ದೇವರ ಮಾತು ಬರುತ್ತದೆ. ಬೇಡವಾದವರು ಅದನ್ನು ದಾಟಿಕೊಂಡು ಕಾಗದಪತ್ರದ ಭಾಗ ಮಾತ್ರ ಓದಿ, ಬೇಜಾರಿಲ್ಲ.

ಆಸ್ಪತ್ರೆ, ಇಂಜೆಕ್ಷನ್, ಐವಿಎಫ್ ಕಥೆಯನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಅನುಭವಿಸಿದವರಿಗೆ ಗೊತ್ತು, ಉಳಿದವರಿಗೆ ಹೇಳಿದರೂ ತಿಳಿಯುವುದಿಲ್ಲ.

ನಮ್ಮ ಮನೆಯಲ್ಲಿ ದತ್ತು ಮಾತು ಎದ್ದಾಗ ಮೊದಲು ಬಂದ ಅಡ್ಡಿ ಹಿರಿಯರದು. "ನಮ್ಮವರಿಗೆ ಕಾನೂನಿನಲ್ಲಿ ದತ್ತು ಇಲ್ಲ" ಎಂದರು. ಅವರ ಕಾಲಕ್ಕೆ ಅದು ನಿಜವೇ. 1956ರ ದತ್ತು ಕಾನೂನು ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ. ಕ್ರೈಸ್ತರು, ಮುಸ್ಲಿಮರು, ಪಾರ್ಸಿಗಳಿಗೆ ಇದ್ದದ್ದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಅದರಲ್ಲಿ ನೀವು ಮಗುವಿನ ಪಾಲಕರು ಅಷ್ಟೇ, ಅಪ್ಪ ಅಮ್ಮ ಅಲ್ಲ. ನಮ್ಮ ಮನೆಯವರ ಸೋದರತ್ತೆ 80ರ ದಶಕದಲ್ಲಿ ಹಾಗೆಯೇ ಒಂದು ಹೆಣ್ಣುಮಗುವನ್ನು ಸಾಕಿದರು. ಹುಡುಗಿಗೆ ವಯಸ್ಸು ತುಂಬಿತು, ಪಾಲಕತ್ವ ಮುಗಿಯಿತು. ಮನೆಯಲ್ಲಿ ಒಂದು ಭಾಗ ಆಕೆಗೆ ಸೇರಲಿ ಎಂದು ಸೋದರತ್ತೆ ವಿಲ್ ಬರೆಯಬೇಕಾಯಿತು. ಅಷ್ಟು ವರ್ಷ ಉಣಿಸಿ ಬೆಳೆಸಿದ ಮಗಳಿಗೆ ವಿಲ್! ಈಗ ಹಾಗಿಲ್ಲ. ಬಾಲ ನ್ಯಾಯ ಕಾಯ್ದೆ ಬಂದ ಮೇಲೆ ಯಾವ ಧರ್ಮದವರಾದರೂ ಪೂರ್ತಿ ಹಕ್ಕಿನೊಂದಿಗೆ ದತ್ತು ತೆಗೆದುಕೊಳ್ಳಬಹುದು. ಈಗ ನಡೆಯುವುದು 2015ರ ಕಾಯ್ದೆ. ಇದನ್ನು ಹಿರಿಯರಿಗೆ ಬಿಡಿಸಿ ಹೇಳುವುದಕ್ಕೇ ನಮಗೆ ಒಂದು ಕ್ರಿಸ್ಮಸ್ ರಜೆ ಬೇಕಾಯಿತು.

ಅರ್ಜಿ ಹಾಕುವುದು ಕಾರಾ ಪೋರ್ಟಲ್‌ನಲ್ಲಿ. ಕಾರಾ ಅಂದರೆ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ. ನೋಂದಣಿಗೆ ದುಡ್ಡಿಲ್ಲ. ಏಜೆಂಟ್ ಬೇಕಿಲ್ಲ. ಯಾರಾದರೂ "ನಾನು ಮಾಡಿಸಿಕೊಡ್ತೀನಿ" ಎಂದರೆ ಅಲ್ಲಿಂದ ಎದ್ದು ಬನ್ನಿ. ಫೋಟೋ, ಪ್ಯಾನ್, ಹುಟ್ಟಿದ ದಿನಾಂಕದ ದಾಖಲೆ, ವಿಳಾಸದ ದಾಖಲೆ, ಆದಾಯದ ದಾಖಲೆ, ಮದುವೆ ಪ್ರಮಾಣಪತ್ರ, ದೊಡ್ಡ ಕಾಯಿಲೆ ಇಲ್ಲ ಎಂದು ವೈದ್ಯರು ಕೊಡುವ ಪ್ರಮಾಣಪತ್ರ ಬೇಕು. ನಿಮ್ಮನ್ನು ಚೆನ್ನಾಗಿ ಬಲ್ಲವರಿಂದ ಎರಡು ಪತ್ರ ಬೇಕು. ನಿಮ್ಮ ಸರದಿ ಲೆಕ್ಕವಾಗುವುದು ದಾಖಲೆಗಳನ್ನೆಲ್ಲ ಏರಿಸಿ ನೋಂದಣಿ ಪೂರ್ತಿಯಾದ ದಿನದಿಂದ. ಹಾಗಾಗಿ ಹೆಸರು ಊರು ತುಂಬಿಸಿ ಸುಮ್ನೆ ಬಿಟ್ಟರೆ ಪ್ರಯೋಜನವಿಲ್ಲ.

ನಮಗೆ ಸಿಕ್ಕಿಬಿದ್ದದ್ದು ಮದುವೆ ಪ್ರಮಾಣಪತ್ರದಲ್ಲಿ. ನಮ್ಮದು ಚರ್ಚಿನ ರಿಜಿಸ್ಟರ್‌ನಿಂದ ಇಳಿಸಿದ ಪ್ರತಿ, ಕೈಬರಹ. ಅದರಲ್ಲಿ ನನ್ನ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಎಚ್ ಇದೆ, ಪ್ಯಾನ್‌ನಲ್ಲಿ ಇಲ್ಲ. ಆಧಾರ್‌ನಲ್ಲಿ ಎಚ್ ಇದೆ, ಆದರೆ ಅಪ್ಪನ ಹೆಸರು ಹಿಂದೆ ಬಂದಿದೆ. ಬೈಬಲ್ ಹೆಸರು ಇಟ್ಟುಕೊಂಡವರಿಗೆ ಈ ಗೋಳು ಸಾಮಾನ್ಯ. ಒಬ್ಬೊಬ್ಬ ಗುಮಾಸ್ತರೂ ತಮಗೆ ಕೇಳಿಸಿದ ಹಾಗೆ ಬರೆದಿರುತ್ತಾರೆ. ನೋಟರಿ ಹತ್ತಿರ ಛಾಪಾ ಕಾಗದದ ಮೇಲೆ "ಈ ಮೂವರೂ ಒಬ್ಬಳೇ" ಎಂದು ಅಫಿಡವಿಟ್ ಮಾಡಿಸಿದೆವು. ಆ ಕಾಗದ ಮುಂದೆ ಪ್ರತಿ ಹಂತದಲ್ಲೂ ಬೇಕಾಯಿತು. ಮೂಲ ಪ್ರತಿ ಎರಡು ಮಾಡಿಸಿಡಿ.

ಆಮೇಲೆ ಹೋಮ್ ಸ್ಟಡಿ. ಸಮಾಜ ಕಾರ್ಯಕರ್ತರು ಮನೆಗೆ ಬಂದು ನೋಡಿ, ಮಾತಾಡಿ, ವರದಿ ಬರೆಯುತ್ತಾರೆ. ಇದಕ್ಕೆ 6,000 ರೂಪಾಯಿ. ಜನ ಇದಕ್ಕೇ ಜಾಸ್ತಿ ಹೆದರುತ್ತಾರೆ. ಗೋಡೆಗೆ ಸುಣ್ಣ ಬಣ್ಣ ಬಳಿಸಬೇಕಾ, ಎಸಿ ಹಾಕಿಸಬೇಕಾ ಎಂದೆಲ್ಲ ನನ್ನನ್ನೇ ಕೇಳಿದ್ದಾರೆ. ಏನೂ ಬೇಡ. ನಮ್ಮದು ಹಳೆಯ ಹಂಚಿನ ಮನೆ, ಮಳೆ ಬಂದರೆ ಒಂದು ಮೂಲೆಯಲ್ಲಿ ಪಾತ್ರೆ ಇಡಬೇಕು. ಬಂದಿದ್ದ ಮೇಡಂ ಕೇಳಿದ್ದು ಬೇರೆಯದೇ. ನಿಮ್ಮಿಬ್ಬರಿಗೆ ಜಗಳವಾದರೆ ಮೊದಲು ಯಾರು ಮಾತಾಡಿಸುತ್ತೀರಿ? ಮಗುವಿಗೆ ದತ್ತು ವಿಷಯ ಹೇಳುತ್ತೀರಾ, ಯಾವಾಗ? ಮಗು ಓದಿನಲ್ಲಿ ಹಿಂದೆ ಬಿದ್ದರೆ? ನಾನು ಶಾಲೆಯಲ್ಲಿ ಪಾಠ ಮಾಡುವವಳು, ಈ ಕೊನೆಯ ಪ್ರಶ್ನೆಗೆ ಮಾತ್ರ ಧೈರ್ಯವಾಗಿ ಉತ್ತರ ಕೊಟ್ಟೆ.

ನಮಗೆ ಇದ್ದ ಭಯ ಅತ್ತೆಯವರದು. ಅವರು ಒಪ್ಪಿದ್ದರು, ಆದರೆ ಹೊರಗಿನವರ ಮುಂದೆ ಏನು ಹೇಳಿಬಿಡುತ್ತಾರೋ ಗೊತ್ತಿರಲಿಲ್ಲ. ಅವರು ಗಿರಮಿಟ್ ತಟ್ಟೆ ಮೇಡಂ ಮುಂದೆ ಇಟ್ಟು, ಮೇಲೆ ಇನ್ನೊಂದು ಹಿಡಿ ಸೇವು ಉದುರಿಸಿ, ತಾವಾಗಿಯೇ ಶುರು ಮಾಡಿದರು. "ಮೋಶೆ ಯಾರ ಮನ್ಯಾಗ ಬೆಳದಾನ್ರಿ? ಫರೋಹನ ಮಗಳ ಮನ್ಯಾಗ. ಹಡದಾಕಿ ಒಬ್ಬಾಕಿ, ಸಾಕಿದಾಕಿ ಇನ್ನೊಬ್ಬಾಕಿ. ಹಂಗ ನಮ್ಮ ಮನ್ಯಾಗೂ ಬೆಳೀಲಿ. ನನಗ ಚಿಂತಿ ಬ್ಯಾರೇನ ಐತ್ರಿ. ಇವ್ರಿಬ್ಬರಿಗೂ ರಾತ್ರಿ ನಿದ್ದಿ ಗೆಟ್ಟು ರೂಢಿ ಇಲ್ಲ." ಮೇಡಂ ಅವರಿಗೆ ಬೈಬಲ್ ಗೊತ್ತಿರಲಿಲ್ಲ. ಆದರೂ ಅದನ್ನು ಹಾಗೆಯೇ ಬರೆದುಕೊಂಡರು.

ಇಲ್ಲಿಗೆ ಸುಲಭದ ಭಾಗ ಮುಗಿಯಿತು. ಇನ್ನು ಬರೀ ಕಾಯುವುದು.

ಪೋರ್ಟಲ್‌ನಲ್ಲಿ ನಿಮ್ಮ ಸರದಿ ಸಂಖ್ಯೆ ಕಾಣುತ್ತದೆ. ಎರಡು ವರ್ಷದೊಳಗಿನ ಆರೋಗ್ಯವಂತ ಮಗು ಬೇಕು ಎಂದರೆ ಮೂರು ವರ್ಷದ ಮೇಲೆ ಕಾಯುವುದು ಸಾಮಾನ್ಯ. ದೇಶದಲ್ಲಿ ಕಾಯುವ ದಂಪತಿಗಳು ಸಾವಿರಾರು, ಕಾನೂನಿನ ಪ್ರಕಾರ ದತ್ತುವಿಗೆ ಸಿದ್ಧವಿರುವ ಚಿಕ್ಕ ಮಕ್ಕಳು ಅದರ ಒಂದು ಸಣ್ಣ ಪಾಲು. ಇದು ನಮಗೆ ಮೊದಲೇ ಗೊತ್ತಿತ್ತು. ಆದರೂ ದಿನಾ ಬೆಳಿಗ್ಗೆ ಶಾಲೆಯ ಬಸ್ಸಿನಲ್ಲಿ ಕೂತು ಆ ಸಂಖ್ಯೆ ನೋಡುವುದು ನನಗೆ ಚಟವಾಯಿತು. ಕೆಲವು ತಿಂಗಳು ಅಲುಗಾಡುವುದೇ ಇಲ್ಲ. 2022ರಲ್ಲಿ ಹೊಸ ನಿಯಮ ಬಂತು. ವಯಸ್ಸಿನ ಮಿತಿ ಬದಲಾಯಿತು. ಎರಡು ವರ್ಷದೊಳಗಿನ ಮಗುವಿಗೆ ಗಂಡ ಹೆಂಡತಿ ಇಬ್ಬರ ವಯಸ್ಸು ಕೂಡಿಸಿದರೆ 85 ದಾಟಬಾರದು, ಎರಡರಿಂದ ನಾಲ್ಕು ವರ್ಷದ ಮಗುವಿಗೆ 90. ನಮ್ಮಿಬ್ಬರ ಲೆಕ್ಕ ಆ ಗೆರೆಯ ಪಕ್ಕದಲ್ಲೇ ಇತ್ತು. ಹುಟ್ಟುಹಬ್ಬ ಬಂದರೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಪ್ರಾರ್ಥನೆ ಮಾಡುತ್ತಿದ್ದೆವು, ಸುಳ್ಳಲ್ಲ. ಆದರೆ ಎರಡನೆಯ ವರ್ಷದ ಹೊತ್ತಿಗೆ ನನ್ನ ಪ್ರಾರ್ಥನೆ ಅರ್ಜಿಯ ಸ್ಥಿತಿ ವಿಚಾರಿಸುವ ಹಾಗೆ ಆಗಿತ್ತು. ಚರ್ಚಿನ ಸ್ತ್ರೀ ಸಂಘದಲ್ಲಿ ಬೈಬಲ್ಲಿನ ಹನ್ನಳ ಕಥೆಯನ್ನು ನನಗೆ ಹೇಳದವರೇ ಇಲ್ಲ. ಮಕ್ಕಳಿಲ್ಲದ ಹೆಂಗಸು ಕಂಡರೆ ಸಾಕು, ನಮ್ಮವರಿಗೆ ಹನ್ನಳು ನೆನಪಾಗುತ್ತಾಳೆ. ಅವಳು ಬೇಡಿಕೊಂಡಳು, ಸಮುವೇಲ ಹುಟ್ಟಿದ, ನೋಡು! ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಮನೆಯಲ್ಲಿ ಆ ಅಧ್ಯಾಯವನ್ನು ನಾನೇ ತೆಗೆದು ಓದಿದೆ. ಯಾರೂ ಹೇಳದ ಒಂದು ಭಾಗ ಅಲ್ಲಿದೆ. ಹನ್ನಳ ತುಟಿ ಮಾತ್ರ ಅಲುಗುತ್ತದೆ, ದನಿ ಹೊರಡುವುದಿಲ್ಲ. ಯಾಜಕ ಏಲಿ ಅವಳು ಕುಡಿದು ಬಂದಿದ್ದಾಳೆ ಎಂದು ಗದರುತ್ತಾನೆ. ದೇವಾಲಯದ ಒಳಗೇ ಅವಳನ್ನು ಹೀಗೆ ತಪ್ಪು ತಿಳಿದರಲ್ಲ, ಆ ಹನ್ನಳು ನನಗೆ ಸ್ನೇಹಿತೆಯಾದಳು. ಆಮೇಲೆ ಮಾತಿಲ್ಲದೆ ಸುಮ್ನೆ ಕೂರುವುದನ್ನೂ ಪ್ರಾರ್ಥನೆ ಎಂದೇ ಲೆಕ್ಕ ಹಾಕಿದೆ. ಕಾಯುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದೇವರು ನನಗೆ ಇದು ಮಾಡಿದ ಎಂದು ಚರ್ಚಿನಲ್ಲಿ ಸಾಕ್ಷಿ ಹೇಳಲು ಏನೂ ಇಲ್ಲದ ಭಾನುವಾರಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂರಿ. ಪರವಾಗಿಲ್ಲ.

2023ರ ಮಳೆಗಾಲದಲ್ಲಿ ಒಂದು ಫೋನ್ ಬಂತು. ಪರಿಚಯದವರೇ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಒಂದು ನರ್ಸಿಂಗ್ ಹೋಮಿನಲ್ಲಿ ಮದುವೆಯಾಗದ ಹುಡುಗಿಗೆ ಹೆರಿಗೆ ಆಗುವುದಿದೆ. ಮಗುವನ್ನು ನೇರವಾಗಿ ನಿಮ್ಮ ಕೈಗೆ ಕೊಡುತ್ತಾರೆ. ಆಸ್ಪತ್ರೆಯ ದಾಖಲೆಯಲ್ಲೇ ನಿಮ್ಮ ಹೆಸರು ಬರುತ್ತದೆ. ಖರ್ಚು ಅಂತ ಎರಡು ಲಕ್ಷ. "ದೇವರೇ ದಾರಿ ತೆರೆದಿದ್ದಾನೆ, ಅಕ್ಕಾ" ಎಂದರು.

ಆ ರಾತ್ರಿ ನಾವಿಬ್ಬರೂ ಮಲಗಲಿಲ್ಲ. ಇದು ಅಪರಾಧ ಎಂದು ಗೊತ್ತಿತ್ತು. ಮಗುವನ್ನು ಮಾರುವುದೂ ಕೊಳ್ಳುವುದೂ ಬಾಲ ನ್ಯಾಯ ಕಾಯ್ದೆಯ 81ನೇ ಕಲಮಿನಲ್ಲಿ ಬರುತ್ತದೆ, ಐದು ವರ್ಷದವರೆಗೆ ಕಠಿಣ ಶಿಕ್ಷೆ ಮತ್ತು ಒಂದು ಲಕ್ಷ ದಂಡ. ಆದರೆ ಶಿಕ್ಷೆಗಿಂತ ನಮ್ಮ ಮನೆಯವರನ್ನು ಕಾಡಿದ್ದು ಬೇರೆ. "ನಾಳೆ ಆ ಹುಡುಗಿ ತನ್ನ ಮಗು ಬೇಕು ಅಂತ ಬಂದ್ರೆ ಯಾವ ಮುಖ ಇಟ್ಕೊಂಡು ಬಾಗಿಲು ಹಾಕ್ತೀವಿ?" ಎಂದರು. ಬೆಳಿಗ್ಗೆ ಫೋನ್ ಮಾಡಿ ಬೇಡ ಎಂದೆವು. ಆ ಹುಡುಗಿಗೆ ಸಹಾಯ ಬೇಕಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿಸಿ, ಮಕ್ಕಳ ಕಲ್ಯಾಣ ಸಮಿತಿ ನೋಡಿಕೊಳ್ಳುತ್ತದೆ ಎಂದೂ ಹೇಳಿದೆವು. ಸರಿಯಾದದ್ದು ಮಾಡಿದರೆ ಮನಸ್ಸಿಗೆ ಸಮಾಧಾನ ಸಿಗುತ್ತದೆ ಎನ್ನುತ್ತಾರಲ್ಲ, ನನಗೆ ಸಿಗಲಿಲ್ಲ. ಕೈಗೆ ಬಂದ ಮಗುವನ್ನು ಬಿಟ್ಟೆ ಎಂದೇ ತಿಂಗಳುಗಟ್ಟಲೆ ಅನಿಸುತ್ತಿತ್ತು. ದೇವರಿಗೆ ವಿಧೇಯರಾಗಿದ್ದಕ್ಕೆ ಇದೇನಾ ಕೂಲಿ ಎಂದು ಕೇಳಿದೆ. ಉತ್ತರ ಬರಲಿಲ್ಲ.

ಅದೇ ವರ್ಷ ನವೆಂಬರ್‌ನಲ್ಲಿ ಮಾವನವರಿಗೆ ಹೃದಯದ ತೊಂದರೆಯಾಗಿ ಐಸಿಯುಗೆ ಸೇರಿಸಿದೆವು. ನಮ್ಮವರು ಹೊರಗಿನ ಕಾರಿಡಾರ್‌ನಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಪೋರ್ಟಲ್‌ಗೆ ಕೊಟ್ಟಿದ್ದ ನಂಬರ್ ಅವರದು. ಆ ಗದ್ದಲದಲ್ಲಿ ಆಸ್ಪತ್ರೆಯ ಮೆಸೇಜು, ಔಷಧಿ ಬಿಲ್ಲಿನ ಮೆಸೇಜು, ಬ್ಯಾಂಕಿನ ಮೆಸೇಜುಗಳ ನಡುವೆ ನಾವು ಮೂರು ವರ್ಷ ಕಾದ ಮೆಸೇಜು ಬಂದು ಕೂತಿತ್ತು. ಒಂದು ಮಗುವಿನ ರೆಫರಲ್ ಬಂದಿದೆ, ನೋಡಿ ಎಂದು. ರೆಫರಲ್ ಅಂದರೆ ಸರದಿ ಬಂದಾಗ ನಿಮಗೆ ತೋರಿಸುವ ಮಗುವಿನ ಫೋಟೋ ಮತ್ತು ವರದಿ. ಒಪ್ಪಿಕೊಂಡು ಮಗುವನ್ನು ಕಾಯ್ದಿರಿಸಲು ಇರುವುದು 48 ಗಂಟೆ. ನಾವು ನೋಡುವಷ್ಟರಲ್ಲಿ ಅದು ದಾಟಿಹೋಗಿತ್ತು. ಪೋರ್ಟಲ್ ತೆರೆದರೆ ಮಗುವಿನ ಮುಖವೂ ಇಲ್ಲ. ಗಂಡೋ ಹೆಣ್ಣೋ ಎಂದೂ ಗೊತ್ತಾಗಲಿಲ್ಲ. ಹದಿನೈದು ದಿನದಲ್ಲಿ ಮಾವನವರೂ ಹೋದರು.

ಕೈಮುಗಿದು ಹೇಳುತ್ತೇನೆ, ಗಂಡ ಹೆಂಡತಿ ಇಬ್ಬರೂ ಇಮೇಲ್ ನೋಡುವ ಹಾಗೆ ಇಟ್ಟುಕೊಳ್ಳಿ, ಇಬ್ಬರ ಫೋನಿನಲ್ಲೂ ಪೋರ್ಟಲ್ ಪಾಸ್‌ವರ್ಡ್ ಇರಲಿ. ಸರದಿ ಹತ್ತಿರ ಬಂದಾಗ ಮನೆಯಲ್ಲಿ ಮೂರನೆಯವರೊಬ್ಬರಿಗೆ ಈ ಕೆಲಸ ಒಪ್ಪಿಸಿಡಿ. ಒಟ್ಟು ಮೂರು ರೆಫರಲ್ ಸಿಗುತ್ತವೆ, ಒಂದಕ್ಕೂ ಇನ್ನೊಂದಕ್ಕೂ ಮಧ್ಯೆ ಕನಿಷ್ಠ ಒಂದು ತಿಂಗಳು. ಹಾಗಾಗಿ ಒಂದು ಹೋದರೆ ಎಲ್ಲ ಮುಗಿಯಿತು ಎಂದಲ್ಲ. ಆದರೆ ಆ ಹೊತ್ತಿಗೆ ಅದನ್ನು ಯಾರು ಹೇಳಿದರೂ ಕಿವಿಗೆ ಹೋಗುವುದಿಲ್ಲ.

ಮಣ್ಣಿಗೆ ಬಂದಿದ್ದ ನೆಂಟರಲ್ಲಿ ಒಬ್ಬರು, "ದೇವರ ಚಿತ್ತ, ಇದಕ್ಕಿಂತ ಒಳ್ಳೆ ಮಗು ಇಟ್ಟಿದ್ದಾನೆ" ಎಂದರು. ಇಂಥ ಸಮಾಧಾನ ಯಾರಿಗೂ ಹೇಳಬೇಡಿ. ಒಂದು ಮಗುವಿಗಿಂತ ಇನ್ನೊಂದು ಮಗು ಒಳ್ಳೆಯದು ಅಂದರೇನು?

ಹೋಮ್ ಸ್ಟಡಿ ವರದಿಗೆ ಮೂರು ವರ್ಷ ಆಯುಸ್ಸು. ನಮ್ಮದು ಮುಗಿಯುತ್ತಾ ಬಂದಿತ್ತು. ಮನೆಯಲ್ಲಿ ಒಬ್ಬರು ಕಡಿಮೆಯಾಗಿದ್ದರಿಂದ ಅದನ್ನೂ ಬರೆಸಬೇಕು. ಮತ್ತೆ ಆದಾಯ ಪತ್ರ, ಮತ್ತೆ ವೈದ್ಯರ ಪತ್ರ. ಅತ್ತೆ ಈ ಸಲ ಗಿರಮಿಟ್ ಮಾಡಲಿಲ್ಲ, ಮೂಲೆಯಲ್ಲಿ ಕೂತಿದ್ದರು. "ಈಗಲೂ ಮಗು ಬೇಕಾ ಅಮ್ಮಾ?" ಎಂದು ಮೇಡಂ ಕೇಳಿದರು. "ಈಗ ಇನ್ನೂ ಜಾಸ್ತಿ ಬೇಕ್ರಿ" ಎಂದರು.

2024ರ ಫೆಬ್ರವರಿಯಲ್ಲಿ ಎರಡನೆಯ ಮೆಸೇಜು ಬಂತು. ನಾನು ಎಂಟನೇ ಕ್ಲಾಸಿನ ಉತ್ತರಪತ್ರಿಕೆ ತಿದ್ದುತ್ತಿದ್ದೆ. ತೆರೆದು ನೋಡಿದರೆ ಏಳು ತಿಂಗಳ ಹೆಣ್ಣುಮಗು, ತಲೆ ಬೋಳಿಸಿದ್ದಾರೆ, ಕೆನ್ನೆಗೆ ದೊಡ್ಡ ಕಾಡಿಗೆ ಬೊಟ್ಟು, ಕ್ಯಾಮೆರಾ ಕಡೆ ನೋಡದೆ ಪಕ್ಕದಲ್ಲಿ ಯಾರನ್ನೋ ನೋಡುತ್ತಿದೆ. ಜೊತೆಗೆ ಎರಡು ವರದಿ ಇರುತ್ತವೆ. ಮಗುವಿನ ಅಧ್ಯಯನ ವರದಿ ಒಂದು, ವೈದ್ಯಕೀಯ ವರದಿ ಇನ್ನೊಂದು. ವೈದ್ಯಕೀಯ ವರದಿಯನ್ನು ಪ್ರಿಂಟ್ ತೆಗೆದು ನಿಮಗೆ ನಂಬಿಕೆಯಿರುವ ಮಕ್ಕಳ ಡಾಕ್ಟರಿಗೆ ತೋರಿಸಿ. ನೀವೇ ಗೂಗಲ್ ಮಾಡಿಕೊಂಡು ಹೆದರಬೇಡಿ. ನಮ್ಮ ಡಾಕ್ಟರು ಹುಟ್ಟಿದ ತೂಕದ ಮೇಲೆ ಬೆರಳಿಟ್ಟರು. 1.6 ಕಿಲೋ. ಆಮೇಲೆ ಪ್ರತಿ ತಿಂಗಳ ತೂಕದ ಸಾಲನ್ನು ಕೆಳಗಿನ ತನಕ ಓದಿ, "ಯಾರೋ ಇವಳನ್ನ ಚೆನ್ನಾಗಿ ನೋಡ್ಕೊಂಡಿದ್ದಾರೆ" ಎಂದರು. ಆ ಸಂಜೆಯೇ ಕಾಯ್ದಿರಿಸಿದೆವು.

ಮೂವತ್ತು ದಿನದೊಳಗೆ ದತ್ತು ಸಂಸ್ಥೆಗೆ ಹೋಗಿ ಮಗುವನ್ನು ಕಂಡು ಒಪ್ಪಿಗೆಗೆ ಸಹಿ ಮಾಡಬೇಕು. ಸಂಸ್ಥೆ ಕಲ್ಯಾಣ ಕರ್ನಾಟಕದ ಒಂದು ಊರಿನಲ್ಲಿ. ಊರಿನ ಹೆಸರು, ಮಗಳು ಅಲ್ಲಿಗೆ ಹೇಗೆ ಬಂದಳು ಎನ್ನುವುದನ್ನು ಬರೆಯುವುದಿಲ್ಲ. ಅದು ಅವಳ ಕಥೆ. ದೊಡ್ಡವಳಾದ ಮೇಲೆ ಬೇಕಾದರೆ ಅವಳೇ ಹೇಳಿಕೊಳ್ಳಲಿ. ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ಇಳಿದೆವು. ದತ್ತು ಸಮಿತಿಯ ಮುಂದೆ ಮಾತುಕತೆ ಆಯಿತು, ಮೂಲ ದಾಖಲೆ ನೋಡಿದರು, ಎಚ್ ಅಕ್ಷರದ ಅಫಿಡವಿಟ್ ಮತ್ತೆ ಹೊರಬಂತು. ಸಂಸ್ಥೆಗೆ ಕಟ್ಟುವ ಹಣ 50,000 ರೂಪಾಯಿ. ರಸೀದಿ ಕೊಡುತ್ತಾರೆ. ಇದರ ಮೇಲೆ ಯಾರೂ ಏನೂ ಕೇಳಲಿಲ್ಲ, ಕೇಳಬಾರದು ಕೂಡ.

ಮಗುವನ್ನು ಎತ್ತಿಕೊಂಡು ಬಂದದ್ದು ಒಬ್ಬ ಆಯಾ. ಐವತ್ತರ ಆಚೆಯವರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು. ಫೋಟೋದಲ್ಲಿ ಮಗು ನೋಡುತ್ತಿದ್ದದ್ದು ಇವರನ್ನೇ ಇರಬೇಕು. ಯಾಕೆಂದರೆ ನನ್ನ ಕೈಗೆ ಕೊಟ್ಟ ಮೇಲೂ ಅದರ ಕಣ್ಣು ಇವರ ಮೇಲೇ ಇತ್ತು. ಹುಟ್ಟಿದ ಮೇಲೆ ಮಗು ಸರ್ಕಾರಿ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿತ್ತು. ಸಂಸ್ಥೆಯಿಂದ ಈ ಆಯಾ ಅಲ್ಲೇ ಉಳಿದಿದ್ದರು. ಕಡಿಮೆ ತೂಕದ ಮಗುವನ್ನು ಬರಿ ಮೈಗೆ ತಾಗಿಸಿ ಎದೆಯ ಮೇಲೆ ಕಟ್ಟಿಕೊಂಡು ಕೂರಬೇಕು, ಕಾಂಗರೂ ಕೇರ್ ಎನ್ನುತ್ತಾರಲ್ಲ, ಅದನ್ನು ನರ್ಸು ಕಲಿಸಿಕೊಟ್ಟರಂತೆ. "ಹಕ್ಕಿ ಮರಿ ಇದ್ದಂಗ ಇದ್ದಳ್ರಿ ಅಕ್ಕಾ. ಎದಿ ಮ್ಯಾಲ ಹಾಕ್ಕೊಂಡು ಕುಂತ್ರ ಸುಮ್ನಿರ್ತಿದ್ಲು, ಕೆಳಗ ಇಟ್ರ ಅಳ್ತಿದ್ಲು. ಊಟಕ್ಕ ಏಳಾಕೂ ಬಿಡ್ಲಿಲ್ಲ" ಎಂದರು. ಮಗುವಿನ ಸೊಂಟಕ್ಕೆ ಕಪ್ಪು ದಾರ ಕಟ್ಟಿದ್ದೂ ಅವರೇ. ದೃಷ್ಟಿ ಆಗಬಾರದು ಅಂತ.

ನಾನು ತಡೆದು ಕೇಳಿದೆ, ಇದು ಯಾವಾಗಿನ ಮಾತು?

2023ರ ಜುಲೈ, ಆಗಸ್ಟ್.

ಎರಡು ಲಕ್ಷದ ಫೋನ್ ಬಂದ ಮಳೆಗಾಲ. ಅದೇ ದಿನ, ಅದೇ ರಾತ್ರಿ ಎಂದೆಲ್ಲ ನಾನು ಹೇಳಲಾರೆ, ಸಾಕ್ಷಿ ಹೇಳುವಾಗ ಜನ ಹಾಗೆ ಸ್ವಲ್ಪ ಬೆಣ್ಣೆ ಹಚ್ಚುತ್ತಾರೆ, ನನಗೆ ಅದು ಹಿಡಿಸುವುದಿಲ್ಲ. ಅದೇ ಮಳೆಗಾಲ, ಅಷ್ಟೇ. ನಾನು ಧಾರವಾಡದಲ್ಲಿ ಕೂತು ದೇವರೇ ನೀನು ಏನೂ ಮಾಡುತ್ತಿಲ್ಲ ಎಂದು ಜಗಳ ಮಾಡುತ್ತಿದ್ದೆ. ಅಲ್ಲಿ ಒಬ್ಬ ಹೆಂಗಸು ಊಟ ಬಿಟ್ಟು ನನ್ನ ಮಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕೂತಿದ್ದರು. ನಾನು ಕೇಳುತ್ತಿದ್ದದ್ದೆಲ್ಲ ನನಗಾಗಿ. ನನಗೆ ಏನು ಸಿಗುತ್ತಿದೆ, ನನ್ನ ಸರದಿ ಎಷ್ಟು. ದೇವರು ಆ ಹೊತ್ತಿಗೆ ನನ್ನ ಹತ್ತಿರ ಇರಲಿಲ್ಲವೇನೋ, ಅವಳ ಹತ್ತಿರ ಇದ್ದ. ನನಗೆ ಈಗ ಅದೇ ಸಾಕು ಅನಿಸುತ್ತದೆ. ನನಗಿಂತ ಅವಳಿಗೇ ಅಲ್ವಾ ಆಗ ಹೆಚ್ಚು ಬೇಕಿದ್ದದ್ದು?

ಬೈಬಲ್ಲಿನ ವಿಮೋಚನಕಾಂಡದಲ್ಲಿ ಮೋಶೆ ದೇವರ ಮಹಿಮೆ ತೋರಿಸು ಎಂದು ಹಟ ಹಿಡಿಯುವ ಜಾಗ ಒಂದಿದೆ. ದೇವರು ಅವನನ್ನು ಬಂಡೆಯ ಸಂದಿಯಲ್ಲಿ ನಿಲ್ಲಿಸುತ್ತಾನೆ, ದಾಟಿ ಹೋಗುವ ತನಕ ಕೈಯಿಂದ ಮುಚ್ಚುತ್ತಾನೆ, ಆಮೇಲೆ ಕೈ ತೆಗೆಯುತ್ತಾನೆ. ಮೋಶೆಗೆ ಕಂಡದ್ದು ಬೆನ್ನು ಮಾತ್ರ. ಮುಖ ಕಾಣಲಿಲ್ಲ. ಇದನ್ನು ಸಂಡೇ ಸ್ಕೂಲಿನಿಂದ ಕೇಳಿದ್ದೇನೆ. ಕೈ ಮುಚ್ಚಿದ್ದಷ್ಟು ಹೊತ್ತು ಆ ಸಂದಿಯೊಳಗೆ ಎಷ್ಟು ಕತ್ತಲಿದ್ದಿರಬಹುದು ಎಂದು ಮಾತ್ರ ಯೋಚಿಸಿರಲಿಲ್ಲ.

ಇನ್ನೊಂದು ಮಾತು. ದೇವರು ನಮಗೆ ಮಗಳನ್ನು ಕೊಟ್ಟ ಎಂದು ಚರ್ಚಿನಲ್ಲಿ ಹೇಳಿದೆ, ಆದರೆ ಹೇಳುವಾಗ ನಾಲಿಗೆ ತಡವರಿಸಿತು. ಹೆತ್ತವಳೊಬ್ಬಳು ಇದ್ದಾಳಲ್ಲ. ಎರಡು ವರ್ಷದೊಳಗಿನ ಮಗುವನ್ನು ಒಪ್ಪಿಸಿದ ಮೇಲೆ ಹೆತ್ತವರಿಗೆ ಮನಸ್ಸು ಬದಲಿಸಲು ಎರಡು ತಿಂಗಳು ಅವಕಾಶ ಕೊಡುತ್ತಾರೆ. ಸಿಕ್ಕ ಮಗುವಾದರೆ ಅಷ್ಟೇ ಕಾಲ ಹೆತ್ತವರಿಗಾಗಿ ಹುಡುಕುತ್ತಾರೆ, ಪೇಪರಿನಲ್ಲಿ ಹಾಕುತ್ತಾರೆ. ಆಮೇಲೆಯೇ ಮಕ್ಕಳ ಕಲ್ಯಾಣ ಸಮಿತಿ ಮಗುವನ್ನು ದತ್ತುವಿಗೆ ಮುಕ್ತ ಎಂದು ಘೋಷಿಸುತ್ತದೆ. ಆ ಎರಡು ತಿಂಗಳು ಯಾರೂ ಬರಲಿಲ್ಲ ಎನ್ನುವುದು ನಮ್ಮ ಸಂತೋಷದ ಬುಡದಲ್ಲಿದೆ. ಅವಳಿಗೆ ದೇವರು ಏನು ಕೊಟ್ಟ? ನನಗೆ ಗೊತ್ತಿಲ್ಲ. ಅತ್ತೆ ಮಾತ್ರ ರಾತ್ರಿಯ ಪ್ರಾರ್ಥನೆಯಲ್ಲಿ "ಹಡದಾಕಿನ್ನ ಕಾಯಪ್ಪಾ" ಎಂದು ತಪ್ಪದೆ ಸೇರಿಸುತ್ತಾರೆ. ಕಪ್ಪು ದಾರವನ್ನೂ ಅವರು ಬಿಚ್ಚಲಿಲ್ಲ. ನಮ್ಮಲ್ಲಿ ಅದು ರೂಢಿಯಲ್ಲ. "ಯಾರೋ ಪ್ರೀತಿಲೇ ಕಟ್ಯಾರ, ಇರ್ಲಿ ಬಿಡು" ಎಂದರು. ತಾನಾಗಿ ಸವೆದು ಹರಿದು ಹೋಯಿತು.

ಮಗು ಮಾರ್ಚ್ ಮೊದಲಲ್ಲಿ ಮನೆಗೆ ಬಂತು. ಇದಕ್ಕೆ ದತ್ತು ಪೂರ್ವ ಪೋಷಣೆ ಎನ್ನುತ್ತಾರೆ. ಮಗು ನಿಮ್ಮ ಮನೆಯಲ್ಲಿರುತ್ತದೆ, ಆದೇಶ ಇನ್ನೂ ಬಂದಿರುವುದಿಲ್ಲ. ಮೊದಲು ಕೋರ್ಟಿನಿಂದ ಆದೇಶ ಆಗುತ್ತಿತ್ತು. 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿಗಳೇ ಕೊಡುತ್ತಾರೆ. ನಿಮ್ಮ ಜಿಲ್ಲೆಯವರಲ್ಲ, ದತ್ತು ಸಂಸ್ಥೆ ಇರುವ ಜಿಲ್ಲೆಯವರು. ನಿಯಮದಲ್ಲಿ ಎರಡು ತಿಂಗಳು ಎಂದಿದೆ. ಆದರೆ ನಮ್ಮ ಫೈಲು ಹೋದ ಹೊತ್ತಿಗೆ, ಮಾರ್ಚ್ 16ಕ್ಕೆ, ಲೋಕಸಭಾ ಚುನಾವಣೆ ಘೋಷಣೆಯಾಯಿತು. ಜಿಲ್ಲಾಧಿಕಾರಿಗಳೇ ಜಿಲ್ಲಾ ಚುನಾವಣಾಧಿಕಾರಿ. ಉತ್ತರ ಕರ್ನಾಟಕದ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಯಾರನ್ನು ಕೇಳಿದರೂ "ಎಲೆಕ್ಷನ್ ಮುಗೀಲಿ" ಎಂಬ ಒಂದೇ ಉತ್ತರ. ಚುನಾವಣೆ ಹತ್ತಿರವಿದ್ದರೆ ಇಷ್ಟು ತಡ ಆಗುತ್ತದೆ ಎಂದು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮಗು ನಿಮ್ಮ ಹತ್ತಿರವೇ ಇರುತ್ತದೆ, ಯಾರೂ ಕಿತ್ತುಕೊಳ್ಳುವುದಿಲ್ಲ. ಆದರೂ ಕಾಲಿಂಗ್ ಬೆಲ್ ಆದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ರಜೆಯ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ದತ್ತು ತಾಯಿಗೆ 12 ವಾರ ರಜೆ ಇಟ್ಟರು. ಆದರೆ ಆಗ ಮಗು ಮೂರು ತಿಂಗಳ ಒಳಗಿರಬೇಕಿತ್ತು. ಮಗು ಕಾನೂನಿನ ಪ್ರಕಾರ ಮುಕ್ತವಾಗುವುದಕ್ಕೇ ಎರಡು ತಿಂಗಳು ಬೇಕು. ಆಮೇಲೆ ರೆಫರಲ್, ಡಾಕ್ಟರು, ಸಮಿತಿ. ಮೂರು ತಿಂಗಳೊಳಗೆ ಮಗು ಮನೆಗೆ ಬಂದವರನ್ನು ನಾನಂತೂ ಕಂಡಿಲ್ಲ. ಈ ನಿಯಮ ಬರೆದವರು ತಮ್ಮದೇ ದತ್ತು ನಿಯಮ ಓದಿದ್ದರಾ? ನಮ್ಮದು ಖಾಸಗಿ ಶಾಲೆ. ಸಂಬಳವಿಲ್ಲದ ರಜೆ ತೆಗೆದುಕೊಂಡೆ. ಫೀಸಿನ ಜೊತೆ ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಉಳಿತಾಯ ಕರಗಿದ್ದು ಕಾರಾ ಫೀಸಿಗಲ್ಲ, ಇದಕ್ಕೆ.

ಜುಲೈನಲ್ಲಿ ಜಿಲ್ಲಾಧಿಕಾರಿಗಳ ಕೊಠಡಿಗೆ ಕರೆದರು. ಇದು ಮುಚ್ಚಿದ ಬಾಗಿಲಿನೊಳಗೆ ನಡೆಯುತ್ತದೆ. ಮಗುವಿನ ಹೆಸರು ಕೇಳಿದರು, ಯಾಕೆ ಆ ಹೆಸರು ಎಂದು ಕೇಳಿದರು. ನಾವು ಉತ್ತರ ಹೇಳುತ್ತಿರುವಾಗಲೇ ಅವಳು ಮೇಜಿನ ಮೇಲಿದ್ದ ತನ್ನದೇ ಫೈಲಿನ ಟ್ಯಾಗ್ ಎಳೆದು ಬಾಯಿಗೆ ಹಾಕಿಕೊಂಡಳು. ಸಾಹೇಬರು ನಕ್ಕು, "ಫೈಲ್ ಬೇಗ ಮೂವ್ ಆಗ್ಲಿ ಅಂತಿದ್ದಾಳೆ" ಎಂದರು. ಆ ತಿಂಗಳೊಳಗೆ ಆದೇಶ ಬಂತು.

ಮುಗಿಯಿತು ಎಂದುಕೊಂಡೆವು. ಜನನ ಪ್ರಮಾಣಪತ್ರ ಬಾಕಿ ಇತ್ತು. ಆದೇಶ ತೋರಿಸಿದರೆ ದತ್ತು ತಂದೆ ತಾಯಿಯ ಹೆಸರಿನಲ್ಲಿ ಪ್ರಮಾಣಪತ್ರ ಕೊಡಬೇಕು. ಕೌಂಟರಿನಲ್ಲಿದ್ದವರು ಆದೇಶ ಓದಲೇ ಇಲ್ಲ. "ತಾಯಿ ಕಾರ್ಡ್ ಕೊಡಿ" ಎಂದರು. ಬಸುರಿಯರಿಗೆ ಕೊಡುವ ಕಾರ್ಡು ಅದು. ಇಲ್ಲ ಸರ್, ದತ್ತು ಮಗು ಎಂದೆ. "ಹಾಗಾದ್ರೆ ಹೆತ್ತ ತಾಯಿದು ತನ್ನಿ." ನನ್ನ ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಈಗ ನನ್ನನ್ನೂ ಮಗುವನ್ನೂ ನೋಡುತ್ತಿದ್ದರು. ಅವತ್ತು ವಾಪಸ್ ಬಂದೆವು. ಮಕ್ಕಳ ರಕ್ಷಣಾ ಘಟಕದಿಂದ ಒಂದು ಪತ್ರ ಮಾಡಿಸಿ, ಅದರ ಜೊತೆ ದತ್ತು ನಿಯಮದ ಆ ಪುಟ ಪ್ರಿಂಟ್ ಹಾಕಿ ಕೊಟ್ಟ ಮೇಲೆ ಕೆಲಸವಾಯಿತು. ನೀವು ಮೊದಲ ಸಲವೇ ಆ ಪತ್ರ ಹಿಡಿದುಕೊಂಡು ಹೋಗಿ. ಕೌಂಟರಿನಲ್ಲಿ ಜಗಳ ಮಾಡಬೇಡಿ, ಒಳಗಿನ ಅಧಿಕಾರಿಯನ್ನು ಕೇಳಿ.

ಮಗು ಮನೆಗೆ ಬಂದ ದಿನದಿಂದ ಎರಡು ವರ್ಷ, ಆರು ತಿಂಗಳಿಗೊಮ್ಮೆ ಫಾಲೋ-ಅಪ್. ಪ್ರತಿ ಭೇಟಿಗೆ 2,000 ರೂಪಾಯಿ. ಮಗು ಹೇಗಿದೆ, ಹೊಂದಿಕೊಂಡಿದೆಯಾ ಎಂದು ನೋಡುತ್ತಾರೆ. ಮೊದಲ ತಿಂಗಳುಗಳಲ್ಲಿ ಮಗಳು ರಾತ್ರಿ ಹಾಸಿಗೆಯ ಮೇಲೆ ಮಲಗುತ್ತಲೇ ಇರಲಿಲ್ಲ, ಎದೆಯ ಮೇಲೆ ಹಾಕಿಕೊಂಡರೆ ಮಾತ್ರ ನಿದ್ದೆ. ಯಾಕೆ ಎಂದು ನಮಗೆ ಗೊತ್ತಿತ್ತು. ಹಾಗಾಗಿ ಬಿಡಿಸಲು ಹೋಗಲಿಲ್ಲ, ಪಾಳಿ ಹಾಕಿಕೊಂಡೆವು. ಅತ್ತೆಯ ಭವಿಷ್ಯವಾಣಿ ನಿಜವಾಯಿತು, ನಿದ್ದೆಗೆಟ್ಟು ನಮ್ಮಿಬ್ಬರ ಕಣ್ಣೂ ಒಳಗೆ ಹೋದವು. ಆ ಆಯಾಗೆ ಹಬ್ಬಕ್ಕೊಮ್ಮೆ ಸಂಸ್ಥೆಯ ಮೂಲಕ ಫೋಟೋ ಕಳಿಸುತ್ತೇವೆ. ಕ್ರಿಸ್ಮಸ್ ಫೋಟೋ ನೋಡಿ, "ಕೂದ್ಲಾ ಬಂದಾವಲ್ರೀ!" ಎಂದರಂತೆ.

ಜೂನ್‌ಗೆ ಪ್ಲೇ ಸ್ಕೂಲಿಗೆ ಸೇರಿಸಬೇಕು. ಅರ್ಜಿ ತಂದಿದ್ದೇನೆ. ಅದರಲ್ಲೂ ಹೆರಿಗೆ ಸಹಜವೋ ಆಪರೇಷನ್ನೋ ಎಂದು ಒಂದು ಕಾಲಂ ಇದೆ. ಅಲ್ಲಿ ಅಡ್ಡಗೆರೆ ಎಳೆದು, ಆದೇಶದ ಜೆರಾಕ್ಸ್ ಪಿನ್ ಮಾಡಿಟ್ಟಿದ್ದೇನೆ.